ಮೂಲ ಡಿಗ್ರಿ ಸರ್ಟಿಫಿಕೇಟ್ ಮತ್ತು 56,000 ರೂಪಾಯಿ ವಾಪಸ್ ಕೊಡುವ ಬಗ್ಗೆ

ತೀರ್ಥಹಳ್ಳಿ
25-10-2024

ಗೆ,
ವ್ಯವಸ್ಥಾಪಕರು,
ವಿದೇಶಿ ಬೋಧನಾ ತರಬೇತಿ ಮತ್ತು ಉದ್ಯೋಗ ಸಲಹಾ ವಿಭಾಗ,
ಬೆಂಗಳೂರು.

ಮಾನ್ಯರೇ,

ಜುಲೈನಿಂದ ನಿಮ್ಮ ಕಚೇರಿಗೆ ಎಷ್ಟು ಸಲ ಫೋನ್ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ವಾಟ್ಸಾಪ್ ಮೆಸೇಜಿಗೆ ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ. ಹಾಗಾಗಿ ಕಾಗದದಲ್ಲೇ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡುತ್ತಿದ್ದೇನೆ. ನಿಮ್ಮವರು ಯಾರಾದರೂ ಒಬ್ಬರು ಸಹಿ ಹಾಕಿ ತೆಗೆದುಕೊಳ್ಳಲೇಬೇಕಲ್ವಾ.

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಿ.ಎ., ಆಮೇಲೆ ಬಿ.ಇಡಿ. ಮಾಡಿ ಎರಡು ವರ್ಷ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಇಂಗ್ಲಿಷ್ ಕಲಿಸಿದ್ದೇನೆ. ವಿಯೆಟ್ನಾಮಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಕೊಡಿಸುತ್ತೇವೆ ಎಂದು ನೀವು ಹೇಳಿದ್ದಕ್ಕೆ ಈ ಜನವರಿಯಲ್ಲಿ 72,000 ರೂಪಾಯಿ ಕಟ್ಟಿದೆ. ಕೋರ್ಸಿಗೆ 32,000, ದಾಖಲೆ ಮತ್ತು ಪ್ಲೇಸ್‌ಮೆಂಟಿಗೆ 40,000. ಅಪ್ಪ ಆಗಷ್ಟೇ ಶಿವಮೊಗ್ಗ ಎಪಿಎಂಸಿಯಲ್ಲಿ ರಾಶಿ ಅಡಿಕೆ ಮಾರಿದ್ದರು. ಸುಮಾರು ಒಂದೂವರೆ ಕ್ವಿಂಟಾಲಿನ ದುಡ್ಡು ನೇರ ನಿಮ್ಮ ಖಾತೆಗೆ ಬಂತು.

ಕೋರ್ಸಿನ ವಿಷಯ ಬೇಗ ಮುಗಿಸುತ್ತೇನೆ. 120 ಗಂಟೆಯ ಟೆಫ್ಲ್ (ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ತರಬೇತಿ), ಕೇಂಬ್ರಿಡ್ಜಿನ ಬೋಧನಾ ಸರ್ಟಿಫಿಕೇಟ್ ಆದ ಸೆಲ್ಟಾಗೆ ಏನೂ ಕಮ್ಮಿ ಇಲ್ಲ ಎಂದಿದ್ದಿರಿ. ಸೆಲ್ಟಾದಲ್ಲಿ ನಿಜವಾದ ವಿದ್ಯಾರ್ಥಿಗಳ ಎದುರು ನಿಂತು 6 ಗಂಟೆ ಪಾಠ ಮಾಡಬೇಕು, ಹಿಂದೆ ಕೂತ ಟ್ರೈನರ್ ತಪ್ಪು ಒಪ್ಪು ಹೇಳುತ್ತಾರೆ. ನಿಮ್ಮಲ್ಲಿ ನನಗೆ ಸಿಕ್ಕಿದ್ದು ರೆಕಾರ್ಡ್ ಮಾಡಿದ ವಿಡಿಯೋಗಳು. ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ತೋಟದ ಮೇಲಿನ ದರೆ ಹತ್ತಿ, ಸೊಳ್ಳೆ ಹೊಡೆದುಕೊಳ್ಳುತ್ತಾ ಅವನ್ನೆಲ್ಲ ನೋಡಿ ಮುಗಿಸಿದೆ. ಬ್ರೋಷರಿನಲ್ಲಿದ್ದ ‘ಪ್ರಾಯೋಗಿಕ ಬೋಧನೆ’ ಯಾವಾಗ ಎಂದು ಮೂರು ಸಲ ಕೇಳಿದೆ. ಕೊನೆಗೆ, ನಿಮ್ಮ ಪಾಠ ನೀವೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ ಅಂದರು. ಕಳಿಸಿದೆ. ಅದನ್ನು ಯಾರಾದರೂ ನೋಡಿದರೋ ಇಲ್ಲವೋ, ಸರ್ಟಿಫಿಕೇಟ್ ಮಾತ್ರ ಮಾರನೇ ದಿನವೇ ಬಂತು!

ನನ್ನ ಮುಖ್ಯ ದೂರು ದಾಖಲೆಗಳದ್ದು. ಏಪ್ರಿಲ್‌ನಲ್ಲಿ ರಾತ್ರಿ ಬಸ್ಸಿಗೆ ಬಂದು ಮೂಲ ಡಿಗ್ರಿ ಸರ್ಟಿಫಿಕೇಟನ್ನು ನಿಮ್ಮ ಕೈಗೆ ಕೊಟ್ಟೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು 500 ರೂಪಾಯಿ ಶುಲ್ಕ ಕಟ್ಟಿ ನಾನೇ ಮಾಡಿಸಿದೆ. ಅದರ ತಾರೀಕು ಏಪ್ರಿಲ್ 18. ಡಿಗ್ರಿ ವಾಪಸ್ ಬಂದಿದ್ದು ಜುಲೈ 2ಕ್ಕೆ. ಹಿಂಬದಿಯಲ್ಲಿ ಅಪೊಸ್ಟಿಲ್ ಸ್ಟಿಕರ್ ಇತ್ತು, ಅಂದರೆ ದಾಖಲೆ ಅಸಲಿ ಎಂದು ಬೇರೆ ದೇಶಕ್ಕೆ ತೋರಿಸಲು ವಿದೇಶಾಂಗ ಸಚಿವಾಲಯ ಅಂಟಿಸುವ ಚೀಟಿ. ‘ಎಲ್ಲಾ ಆಯ್ತು, ಬ್ಯಾಗ್ ರೆಡಿ ಮಾಡ್ಕೊಳಿ ಮೇಡಂ’ ಎಂದು ನಿಮ್ಮ ಕೌನ್ಸೆಲರ್ ಮೆಸೇಜ್ ಹಾಕಿದರು. ಆ ಮೆಸೇಜ್ ಈಗಲೂ ನನ್ನ ಬಳಿ ಇದೆ.

ಜುಲೈ 10ಕ್ಕೆ ವಿಯೆಟ್ನಾಮಿನ ಡಾ ನಾಂಗ್ ನಗರದ ಒಂದು ಭಾಷಾ ಕೇಂದ್ರದವರು ಸಂದರ್ಶನ ಮಾಡಿದರು. ಕೆಲಸ ಕೊಡುತ್ತೇವೆ ಎಂದರು. ದಾಖಲೆಯ ಫೋಟೋ ನೋಡಿದವರೇ, ಇದು ನಡೆಯುವುದಿಲ್ಲ ಎಂದೂ ಹೇಳಿದರು. ಅಪೊಸ್ಟಿಲ್ ನಡೆಯುವುದು 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಮಾತ್ರ. ಭಾರತ 2005ರಲ್ಲಿ ಸೇರಿದೆ. ಜಪಾನಿಗೋ ದಕ್ಷಿಣ ಕೊರಿಯಾಕ್ಕೋ ಹೊರಟವರಿಗೆ ಆ ಸ್ಟಿಕರ್ ಸಾಕು. ಆಗ ವಿಯೆಟ್ನಾಂ ಆ ಪಟ್ಟಿಯಲ್ಲೇ ಇರಲಿಲ್ಲ. ಅಲ್ಲಿಗೆ ಹೋಗುವ ಡಿಗ್ರಿಗೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಟೆಸ್ಟೇಷನ್, ಅದಾದ ಮೇಲೆ ವಿಯೆಟ್ನಾಂ ರಾಯಭಾರ ಕಚೇರಿಯ ಮುದ್ರೆ ಆಗಬೇಕಿತ್ತು. ಪೊಲೀಸ್ ಸರ್ಟಿಫಿಕೇಟಿಗೂ ರಾಯಭಾರ ಕಚೇರಿಯ ಮುದ್ರೆ ಬೇಕಿತ್ತು. ಇದನ್ನು ನಾನು ದರೆ ಮೇಲೆ ಕೂತು ಒಂದು ಸಂಜೆಯಲ್ಲಿ ತಿಳಿದುಕೊಂಡೆ. ನೀವು ಇದೇ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವವರು. ಅಂದ ಹಾಗೆ, ಒಂದು ದಾಖಲೆಯ ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ 50 ರೂಪಾಯಿ.

ಜುಲೈ 13ಕ್ಕೆ ಮತ್ತೆ ಬಸ್ ಹತ್ತಿದೆ. ಆಗುಂಬೆ ಕಡೆ ಹಿಡಿದ ಮಳೆ ಬಿಟ್ಟಿರಲಿಲ್ಲ, ದಾರಿಯಲ್ಲಿ ಮರ ಬಿದ್ದು ಎರಡು ತಾಸು ನಿಂತೆವು. ಡಿಗ್ರಿಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದೆ. ನೀವು ಅದನ್ನೂ ಪೊಲೀಸ್ ಸರ್ಟಿಫಿಕೇಟನ್ನೂ ಇಟ್ಟುಕೊಂಡಿರಿ. ತಪ್ಪಾಯಿತು ಅನ್ನಲಿಲ್ಲ. ‘ಎಂಬಸಿ ಚಾರ್ಜ್’ ಎಂದು ಇನ್ನೂ 18,000 ಕೇಳಿದಿರಿ. ನಾನು ಕೊಡಲಿಲ್ಲ. ಸರಿಯಾಗಿ ಮಾಡಿಕೊಡಲೆಂದೇ ಮೊದಲು 40,000 ಕೊಟ್ಟಿದ್ದು.

ಆಗಸ್ಟ್‌ನಲ್ಲಿ ಕೌನ್ಸೆಲರ್ ಫೋನ್ ಮಾಡಿ ಹೊಸ ದಾರಿ ಹೇಳಿದರು. 90 ದಿನದ ಟೂರಿಸ್ಟ್ ಇ-ವೀಸಾದಲ್ಲಿ ಹೋಗಿ ಪಾಠ ಶುರು ಮಾಡಿ, ವರ್ಕ್ ಪರ್ಮಿಟ್ ಆಮೇಲೆ ನೋಡೋಣ ಅಂತ. ‘ಎಲ್ರೂ ಹಂಗೇ ಹೋಗೋದು ಮೇಡಂ’ ಅಂದರು. ಪರ್ಮಿಟ್ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ ಅಲ್ಲಿ 1.5 ಕೋಟಿಯಿಂದ 2.5 ಕೋಟಿ ಡಾಂಗ್ ದಂಡ, ಮೇಲೆ ಗಡೀಪಾರು. ಡಾಂಗ್ ಅಗ್ಗದ ನಾಣ್ಯ, ಆದರೂ ನಮ್ಮ ಲೆಕ್ಕದಲ್ಲಿ ಗರಿಷ್ಠ ದಂಡ ನಿಮಗೆ ಕಟ್ಟಿದ ಅಷ್ಟೂ ಹಣಕ್ಕಿಂತ ಕಡಿಮೆಯೇನಲ್ಲ ಎಂದು ಅಪ್ಪ ಪೆನ್ಸಿಲ್ ಹಿಡಿದು ಗುಣಿಸಿ ನೋಡಿದರು. ನಾನು ಆಗುವುದಿಲ್ಲ ಎಂದೆ. ಅಂದಿನಿಂದ ನಿಮ್ಮ ಕಡೆಯಿಂದ ಫೋನಿಲ್ಲ. ಸೆಪ್ಟೆಂಬರ್ ಅರ್ಧದವರೆಗೆ ಕಾದ ಭಾಷಾ ಕೇಂದ್ರದವರು ಬೇರೆಯವರನ್ನು ತೆಗೆದುಕೊಂಡರು. ಅವರ ಮೇಲೆ ನನಗೆ ಬೇಜಾರಿಲ್ಲ. ವರ್ಕ್ ಪರ್ಮಿಟ್ ಅರ್ಜಿಗೆ ಪೊಲೀಸ್ ಸರ್ಟಿಫಿಕೇಟ್ 6 ತಿಂಗಳಿಗಿಂತ ಹಳೆಯದಾಗಿರಬಾರದು. ಹೋದ ವಾರಕ್ಕೆ ಅದರ ಅವಧಿಯೂ ಮುಗಿಯಿತು. ನಿಮ್ಮ ಕಪಾಟಿನಲ್ಲೇ.

ಇನ್ನೊಂದು ಮಾತು ಬರೆಯದೆ ಇರಲಾರೆ. ಸಂದರ್ಶನದ ದಿನ ಅವರು ಮೊದಲು ಕೇಳಿದ್ದು, ನಿಮ್ಮ ಮಾತೃಭಾಷೆ ಇಂಗ್ಲಿಷಾ ಎಂದು. ನನಗೆ ಅರ್ಥವಾಗಲಿಲ್ಲ. ಅವರು ಸ್ಕ್ರೀನಿನಲ್ಲಿ ತೋರಿಸಿದಾಗ ಗೊತ್ತಾಯಿತು, ನೀವು ಕಳಿಸಿದ ನನ್ನ ಬಯೋಡೇಟಾದಲ್ಲಿ ಹಾಗೆ ಇತ್ತು. ನಮ್ಮೂರ ಸರ್ಕಾರಿ ಶಾಲೆಯ ಜಾಗದಲ್ಲಿ ಬೆಂಗಳೂರಿನ ಯಾವುದೋ ಕಾನ್ವೆಂಟ್ ಬಂದು ಕೂತಿತ್ತು. ನಾಚಿಕೆಯಾಯಿತು. ನಾನು ಎಬಿಸಿಡಿ ಕಲಿತಿದ್ದೇ ಐದನೇ ಕ್ಲಾಸಿನಲ್ಲಿ ಎಂದು ಅವರಿಗೆ ಹೇಳಿಬಿಟ್ಟೆ. ಕನ್ನಡದಲ್ಲಿ ಇಲ್ಲದ ‘ಎ’ ಮತ್ತು ‘ದಿ’ ಎಲ್ಲಿ ಹಾಕಬೇಕೆಂದು ತಿಳಿಯದೆ ಬೈಸಿಕೊಂಡವಳು ನಾನು. ವಿಯೆಟ್ನಾಮಿ ಭಾಷೆಯಲ್ಲಿ ಕಾಲ ಬದಲಾದರೂ ಕ್ರಿಯಾಪದ ಬದಲಾಗುವುದಿಲ್ಲವಂತೆ. ಅಲ್ಲಿನ ಮಗು ‘ಗೋ’ ಹೇಗೆ ‘ವೆಂಟ್’ ಆಯಿತು ಎಂದು ಕಕ್ಕಾಬಿಕ್ಕಿಯಾದರೆ ನನಗೆ ಅದು ಅರ್ಥವಾಗುತ್ತದೆ. ಇಷ್ಟು ಹೇಳಿದ ಮೇಲೇ ಅವರು ಕೆಲಸ ಕೊಡುತ್ತೇವೆ ಎಂದಿದ್ದು. ನೀವು ಮುಚ್ಚಿಟ್ಟಿದ್ದೇ ಕೊನೆಗೆ ಕೆಲಸಕ್ಕೆ ಬಂತು ನೋಡಿ.

ಮನೆಯಲ್ಲಿ ಎಲ್ಲರೂ ಮಾನಸಿಕವಾಗಿ ಅರ್ಧ ಡಾ ನಾಂಗ್ ತಲುಪಿಯಾಗಿತ್ತು. ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿ ಜೋರು ಮಳೆ ಎಂದು ಅಮ್ಮ ಹೊಸ ರೇನ್‌ಕೋಟ್ ತಂದಿಟ್ಟರು. ಅಲ್ಲೂ ಮದುವೆಗೆ ವೀಳ್ಯದೆಲೆ, ಅಡಿಕೆ ಬೇಕೇ ಬೇಕು ಎಂದು ಗೊತ್ತಾದ ಮೇಲೆ ಅಪ್ಪನ ಅನುಮಾನವೂ ಹೋಗಿತ್ತು. ಈಗ ಪೇಟೆಯಲ್ಲಿ ಸಿಕ್ಕವರೆಲ್ಲ ‘ಯಾವಾಗ ಬಂದೆ?’ ಎಂದು ಕೇಳುತ್ತಾರೆ. ಹೋಗಿಲ್ಲ ಎಂದು ಎಷ್ಟು ಜನಕ್ಕೆ ವಿವರಿಸುವುದು?

ಈಗ ನನಗೆ ಬೇಕಾಗಿದ್ದು ಇಷ್ಟು. ಎಲ್ಲಕ್ಕಿಂತ ಮೊದಲು ನನ್ನ ಮೂಲ ಡಿಗ್ರಿ ಸರ್ಟಿಫಿಕೇಟ್. ದುಡ್ಡಿನ ತಕರಾರು ಏನೇ ಇರಲಿ, ಅದನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ನಿಮಗಿಲ್ಲ. ದಾಖಲೆ ಮತ್ತು ಪ್ಲೇಸ್‌ಮೆಂಟಿನ 40,000 ಪೂರ್ತಿ ವಾಪಸ್ ಬೇಕು. ಕೋರ್ಸಿನ ವಿಡಿಯೋಗಳನ್ನು ನಾನು ನೋಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಮಾಡಿಸದ ಪ್ರಾಯೋಗಿಕ ಬೋಧನೆಗಾಗಿ ಅದರಲ್ಲಿ ಅರ್ಧ, ಅಂದರೆ 16,000 ಕೊಡಿ. ಒಟ್ಟು 56,000. ನನ್ನ ಹೆಸರಿನಲ್ಲಿರುವ ಆ ಸುಳ್ಳು ಬಯೋಡೇಟಾವನ್ನು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಯಾರಿಗೆಲ್ಲ ಕಳಿಸಿದ್ದೀರಿ ಎಂದು ಬರೆದು ತಿಳಿಸಿ.

ಇನ್ನೊಂದು ಪ್ರಶ್ನೆಗೂ ಲಿಖಿತ ಉತ್ತರ ಬೇಕು. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ಮತ್ತು ಜಿಎಸ್‌ಟಿ. ನಿಮ್ಮ ನೋಂದಣಿ ಸಂಖ್ಯೆ ಏನು? ರಸೀದಿಯಲ್ಲೂ ಇಲ್ಲ, ಕಚೇರಿಯ ಗೋಡೆಯ ಮೇಲೂ ನನಗೆ ಕಾಣಲಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಇದೆಲ್ಲ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. 2019ರ ಕಾಯ್ದೆ ಬಂದ ಮೇಲೆ ಗ್ರಾಹಕರು ತಾವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಅಂದರೆ ಮುಂದಿನ ಸಲ ರಾತ್ರಿ ಬಸ್ ಹತ್ತಬೇಕಾದವರು ನೀವು.

ಸರ್ಟಿಫಿಕೇಟನ್ನು ಕೊರಿಯರ್‌ಗೆ ಕೊಡಬೇಡಿ. ಅವರು ನಮ್ಮೂರಿಗೆ ಬರುವುದಿಲ್ಲ, ಪೇಟೆಗೆ ಬಂದು ಒಯ್ಯಿರಿ ಎನ್ನುತ್ತಾರೆ. ಸ್ಪೀಡ್ ಪೋಸ್ಟ್ ಮಾಡಿ, ಒಳಗೆ ರಟ್ಟು ಇಡಿ, ಮಡಚಬೇಡಿ. ವಿಳಾಸ ನಿಮ್ಮ ಫೈಲಿನಲ್ಲಿದೆ.

ಇಂತಿ,
(ಸಹಿ)
ಜನವರಿ 2024ರ ಬ್ಯಾಚಿನ ವಿದ್ಯಾರ್ಥಿನಿ

ಜೊತೆಗೆ: ಎರಡು ರಸೀದಿಗಳ ಜೆರಾಕ್ಸ್, ವಾಟ್ಸಾಪ್ ಮೆಸೇಜುಗಳ ಪ್ರಿಂಟ್, ನೀವು ಕಳಿಸಿದ ಬಯೋಡೇಟಾ ಮತ್ತು ನನ್ನ ನಿಜವಾದ ಬಯೋಡೇಟಾ.