ಯುಕುಲೇಲೆ ಕ್ಲಾಸಲ್ಲಿ ಡಿಮಿನಿಶ್ಡ್ ಕಾರ್ಡ್‌ಗೇಕೆ ಹೆದರಿಕೆ?

ಸಂಪಾದಕರಿಗೆ ನಮಸ್ಕಾರ,

ಈಗ ಎಲ್ಲಿ ನೋಡಿದ್ರೂ ಮಕ್ಕಳ ಕೈಲಿ ಯುಕುಲೇಲೆ (ಗಿಟಾರ್ ಥರದ್ದೇ ನಾಲ್ಕು ತಂತಿಯ ಪುಟ್ಟ ವಾದ್ಯ), ಖುಷಿ ವಿಷಯಾನೇ. ಆದ್ರೆ ಎಷ್ಟೋ ಕಡೆ ಮೇಜರ್, ಮೈನರ್ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಕಲಿಸಿ ಅಲ್ಲಿಗೇ ನಿಲ್ಲಿಸಿಬಿಡ್ತಾರೆ, ಬಿಗುವಿನ ಧ್ವನಿಯ ಡಿಮಿನಿಶ್ಡ್ ಕಾರ್ಡ್ ಅಂದ್ರೆ "ಅದು ಆಮೇಲೆ ನೋಡೋಣ" ಅಂತಾರೆ, ಆ ಆಮೇಲೆ ಬರೋದೇ ಇಲ್ಲ. ನಿಜ ಹೇಳ್ಬೇಕಂದ್ರೆ ಅದು ಸುಲಭದ್ದೇ. ಜಿ-ಸಿ-ಇ-ಎ ಟ್ಯೂನಿಂಗ್‌ನಲ್ಲಿ ಸಿ ತಂತಿ, ಎ ತಂತಿ ಎರಡರ ಮೊದಲ ಫ್ರೆಟ್ (ಕುತ್ತಿಗೆ ಮೇಲಿನ ಅಡ್ಡಪಟ್ಟಿಯ ಮನೆ) ಒತ್ತಿ ಉಳಿದೆರಡು ತಂತಿ ಹಾಗೇ ಬಿಡಿ, ಸಿ ಶಾರ್ಪ್ ಡಿಮಿನಿಶ್ಡ್ ಸೆವೆಂತ್ ರೆಡಿ. ಸಿ ಇಂದ ಡಿ ಮೈನರ್‌ಗೆ ಹೋಗುವಾಗ ನಡುವೆ ಇದನ್ನ ಒಂದ್ಸಲ ಮೀಟಿ ನೋಡಿ, ಹಾಡಿಗೆ ಬೇರೇನೇ ಕಳೆ ಬರುತ್ತೆ.

ಇದೇ ಆಕಾರನ, ಹಾಗೇ ಬಿಟ್ಟ ಎರಡು ತಂತಿನೂ ಸೇರಿಸಿ, 3 ಫ್ರೆಟ್ ಮುಂದೆ ಜರುಗಿಸಿದ್ರೆ ಅವೇ 4 ಸ್ವರ ಸ್ಥಾನ ಬದಲಾಯಿಸ್ಕೊಂಡು ಮತ್ತೆ ಬರ್ತವೆ, ಯಾಕಂದ್ರೆ ಪ್ರತಿ ಸ್ವರದ ನಡುವೆ 3 ಅರೆಸ್ವರದ (ಒಂದು ಅರೆಸ್ವರ ಅಂದ್ರೆ ಒಂದು ಫ್ರೆಟ್) ಸಮ ಅಂತರ. ಹಾಗಾಗಿ ಹೆಸರಿಗೆ 12 ಕಾರ್ಡ್ ಇದ್ರೂ ಕಲಿಯೋದು ಬರೀ 3. ಕರ್ನಾಟಕ ಸಂಗೀತ ಕಲಿತವರಿಗಂತೂ ಇದು ಹೊಸದಲ್ಲ, ಹೇಮವತಿ ರಾಗದ ಸ ಗ ಮ ಧ ಒಟ್ಟಿಗೆ ನುಡಿಸಿದ್ರೆ ಇದೇ!

ನಿಮ್ಮ ಭಾನುವಾರದ ಪುರವಣಿಲಿ ಇಂಥದಕ್ಕೂ ಸ್ವಲ್ಪ ಜಾಗ ಕೊಡಿ, ಚಿತ್ರ ಸಮೇತ.

– ಒಬ್ಬ ಓದುಗ, ಮೈಸೂರು