ಕಾರ್ಡ್ ಬಿಲ್ಲಿನ ಎಚ್ಚರಿಕೆ ಕನ್ನಡದಲ್ಲಿರಲಿ

ಮಾನ್ಯ ಸಂಪಾದಕರೇ,

ಮಂಡ್ಯದ ಗುತ್ತಲಿನಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಬ್ಲೌಸು, ಫಾಲ್, ಪಿಕೊ ವರ್ಷವಿಡೀ ಇದ್ದದ್ದೇ. ನಾಲ್ಕು ಕಾಸು ಕಾಣುವುದು ಸ್ಕೂಲ್ ಯೂನಿಫಾರಂ ಹೊಲಿಯುವ ಮೇ, ಜೂನ್‌ನಲ್ಲಿ. ಬಟ್ಟೆಗೆ ಮೊದಲೇ ಬಂಡವಾಳ ಹಾಕಬೇಕು, ದುಡ್ಡು ಬರುವುದು ಹೊಲಿದು ಕೊಟ್ಟ ಮೇಲೆ. ಈ ನಡುವಿನ ದಿನಗಳಿಗೆ ಅಂತಲೇ ಕ್ರೆಡಿಟ್ ಕಾರ್ಡ್ ಮಾಡಿಸಿದೆ. ‘50 ದಿನ ಬಡ್ಡಿನೇ ಇಲ್ಲ ಮೇಡಂ’ ಅಂತ ಬ್ಯಾಂಕಿನವರು ಅಂದಿದ್ದರು.

ಮೊದಲ ವರ್ಷವೇ ಎಡವಿದೆ. ಮೇ 5ಕ್ಕೆ ಮೈಸೂರಿಗೆ ಹೋಗಿ 18,400 ರೂಪಾಯಿ ಬಟ್ಟೆ ತಂದೆ. 18ಕ್ಕೆ ಬಿಲ್ ಬಂತು, ಜೂನ್ 7 ಕಟ್ಟಲು ಕೊನೆ ದಿನ. ಬಿಲ್ಲಿನಲ್ಲಿ ಎರಡು ಮೊತ್ತ ಇದ್ದವು. ಒಂದು ಪೂರ್ತಿ ಬಾಕಿ, ಇನ್ನೊಂದು ‘ಮಿನಿಮಮ್ ಡ್ಯೂ’, ಅಂದರೆ ಕನಿಷ್ಠ ಇಷ್ಟಾದರೂ ಕಟ್ಟಲೇಬೇಕು ಅನ್ನುವ ಮೊತ್ತ, 920. ಚೀಟಿ ದುಡ್ಡಿನ ಹಾಗೆ ಇದೇ ಈ ತಿಂಗಳ ಕಂತು ಅಂದುಕೊಂಡು 920 ಕಟ್ಟಿ ಸುಮ್ನಾದೆ. ಮುಂದಿನ ಬಿಲ್ಲಿನಲ್ಲಿ ಬಡ್ಡಿ ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ 1,100 ದಾಟಿತ್ತು. ತಿಂಗಳಿಗೆ ಮೂರೂವರೆ ಪರ್ಸೆಂಟ್, ವರ್ಷಕ್ಕೆ 42! ಅದೂ ಕಟ್ಟುವ ಕೊನೆ ದಿನದಿಂದ ಅಲ್ಲ, ಬಟ್ಟೆ ತಂದ ದಿನದಿಂದ. ಜೂನ್ 1ಕ್ಕೆ ತಂದ ಜಿಪ್ಪು, ಗುಂಡಿ, ದಾರಕ್ಕೂ ಬಡ್ಡಿ ಬಿದ್ದಿತ್ತು. ಹಳೆ ಬಾಕಿ ಉಳಿಸಿಕೊಂಡರೆ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ ಅಂತ ಆಗ ಗೊತ್ತಾಯಿತು. ಮೂರು ಜೊತೆ ಯೂನಿಫಾರಂ ಹೊಲಿದ ಕೂಲಿ ಹಾಗೇ ಹೋಯಿತು.

‘ಕತ್ತರಿಸಿ ಬಿಸಾಕು’ ಅಂದರು ನಮ್ಮ ಯಜಮಾನರು. ಕತ್ತರಿ ಕೈಯಲ್ಲೇ ಇತ್ತು. ಆದರೂ ಮನಸ್ಸಾಗಲಿಲ್ಲ. ಅಳತೆ ಬರೆಯುವ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಎರಡು ತಾರೀಕು ಬರೆದಿಟ್ಟೆ: ಬಿಲ್ 18, ಕಟ್ಟುವುದು 7. ಏಪ್ರಿಲ್ 15ಕ್ಕೆ ಬಟ್ಟೆ ತಂದರೆ ಮೇ 7ಕ್ಕೇ ದುಡ್ಡು ಹೊಂದಿಸಬೇಕು. ನಾಲ್ಕು ದಿನ ತಡೆದು 19ಕ್ಕೆ ಹೋದರೆ ಅದು ಮೇ 18ರ ಬಿಲ್ಲಿಗೆ ಬರುತ್ತದೆ, ಜೂನ್ 7ರವರೆಗೆ ಟೈಮ್. 49 ದಿನ! ಅಷ್ಟರೊಳಗೆ ಮಕ್ಕಳ ಅಪ್ಪ ಅಮ್ಮಂದಿರ ಅಡ್ವಾನ್ಸ್ ಬಂದಿರುತ್ತದೆ. ಅದನ್ನು ಮನೆ ಖರ್ಚಿಗೆ ಸೇರಿಸದೆ ಬೇರೆ ಡಬ್ಬಿಗೆ ಹಾಕಿ, ಜೂನ್ 5ಕ್ಕೇ ಪೂರ್ತಿ ಕಟ್ಟಿಬಿಡುತ್ತೇನೆ. ಮೂರು ವರ್ಷದಿಂದ ಬಟ್ಟೆ ಸಾಲಕ್ಕೆ ಒಂದು ರೂಪಾಯಿ ಬಡ್ಡಿ ಕೊಟ್ಟಿಲ್ಲ. ಬಿಲ್ಲಿನ ತಾರೀಕು ಹೊಂದದವರು ಬ್ಯಾಂಕಿಗೆ ಹೇಳಿ ಬದಲಾಯಿಸಿಕೊಳ್ಳಬಹುದು. ಕನಿಷ್ಠ ಒಂದು ಸಲ ಅದಕ್ಕೆ ಅವಕಾಶ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ.

ಕಬ್ಬಿನ ದುಡ್ಡು ನಂಬಿಕೊಂಡು ಮಾತ್ರ ಕಾರ್ಡ್ ಉಜ್ಜಬೇಡಿ. ಫ್ಯಾಕ್ಟರಿಗೆ ಕಬ್ಬು ಹಾಕಿದ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರಿಂದ ಕಾನೂನಿದೆ. ಆದರೆ ಅದು ಬರುವುದು ಯಾವಾಗ ಅಂತ ಮಂಡ್ಯದವರಿಗೆ ಹೇಳಬೇಕಾ? ಇನ್ನು, ಕೆಲವು ಹೋಲ್‌ಸೇಲ್ ಅಂಗಡಿಯವರು ‘ಕಾರ್ಡಾದರೆ 2 ಪರ್ಸೆಂಟ್ ಜಾಸ್ತಿ’ ಅನ್ನುತ್ತಾರೆ. ಅಲ್ಲಿ 49 ದಿನವೂ ಪುಕ್ಕಟೆ ಅಲ್ಲ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ಕ್ಯಾಶ್ ತೆಗೆದರಂತೂ ಅವತ್ತಿಂದಲೇ ಬಡ್ಡಿ.

ಹೋದ ವರ್ಷ ಓವರ್‌ಲಾಕ್ ಮೆಷಿನ್ ಕೊಂಡೆ. 36,000, ಆರು ತಿಂಗಳು ‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿಯಿಲ್ಲದ ಕಂತು. ತಿಂಗಳಿಗೆ ಸರಿಯಾಗಿ 6,000 ಅಂದರು. ಬ್ಯಾಂಕ್ 15 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ ಹಾಕುತ್ತದೆ, ಅಷ್ಟನ್ನು ಅಂಗಡಿಯವರು ಬೆಲೆಯಲ್ಲಿ ಮೊದಲೇ ಬಿಡುತ್ತಾರೆ. ಆದರೆ ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನಮ್ಮ ತಲೆಗೆ. ಅದು ಸುಮಾರು 275. ಪ್ರೊಸೆಸಿಂಗ್ ಫೀ ಜಿಎಸ್‌ಟಿ ಸೇರಿ 235. ಹೊರಡುವಾಗ ಸುಮ್ನೆ ಕೇಳಿದೆ, ಕ್ಯಾಶ್ ಕೊಟ್ಟರೆ ಎಷ್ಟಕ್ಕೆ ಬಿಡ್ತೀರಿ ಅಂತ. ‘34,500ಕ್ಕೆ ಕೊಡ್ತೀವಕ್ಕ’ ಅಂದ ಹುಡುಗ. ಅಲ್ಲಿಗೆ ಆರು ತಿಂಗಳ ಆ ಸಾಲಕ್ಕೆ 2,000 ರೂಪಾಯಿ ಬಿತ್ತು. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆಯಂತೆ. ಆದರೂ ನಾನು ಇಎಂಐಗೇ ತಗೊಂಡೆ. ಕೈಯಲ್ಲಿ 34,500 ಇರಲಿಲ್ಲ, ಮೆಷಿನ್ ದಿನಾ ದುಡಿಯುತ್ತಿತ್ತು. ಅದೇ ರೀತಿ ಟಿವಿ ತಗೊಳ್ಳುತ್ತಿರಲಿಲ್ಲ.

ನನ್ನ ಕೋರಿಕೆ ಒಂದೇ. ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ, ಬಡ್ಡಿಗೆ ಬಡ್ಡಿ ಬೆಳೆಯುತ್ತದೆ ಅನ್ನುವ ಎಚ್ಚರಿಕೆ ಪ್ರತಿ ಬಿಲ್ಲಿನಲ್ಲೂ ಎದ್ದು ಕಾಣಬೇಕು ಅಂತ ನಿಯಮವಿದೆ. ನನ್ನ ಆ ಮೊದಲ ಬಿಲ್ಲಿನಲ್ಲೂ ಅದು ಇತ್ತು. ಆಮೇಲೆ ಮಗಳು ಓದಿ ಹೇಳಿದಳು, ಇದ್ದದ್ದು ಇಂಗ್ಲಿಷಿನಲ್ಲಿ. ಕಾರ್ಡ್ ತಗೊಳ್ಳಿ ಅಂತ ಫೋನ್ ಮಾಡುವಾಗ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾರೆ, ಅಲ್ವಾ? ಆ ಒಂದು ಸಾಲನ್ನು ಬಿಲ್ಲಿನಲ್ಲೂ ಮೆಸೇಜಿನಲ್ಲೂ ಕನ್ನಡದಲ್ಲಿ ಹಾಕುವಂತೆ ಜಿಲ್ಲೆಯ ಬ್ಯಾಂಕುಗಳನ್ನೆಲ್ಲ ಒಟ್ಟುಗೂಡಿಸಿ ನಡೆಸುವ ಲೀಡ್ ಬ್ಯಾಂಕಿನವರು ಉಳಿದ ಬ್ಯಾಂಕುಗಳಿಗೆ ಹೇಳಲಿ.

– ಒಬ್ಬ ಟೈಲರ್, ಗುತ್ತಲು, ಮಂಡ್ಯ