ಅಳಿಯನಿಗೆ, ತೂಕದ ವಿಚಾರವಾಗಿ

ದಾವಣಗೆರೆ
ಬುಧವಾರ ರಾತ್ರಿ

ಚಿರಂಜೀವಿ ಅಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ಮಾತ್ರ ನನಗೆ ಧೈರ್ಯವಿಲ್ಲ. ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿದ್ದಳು. ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಬಿಟ್ಟಿದ್ದೀಯಂತೆ. ನೀರನ್ನೂ ಲೋಟದ ಲೆಕ್ಕದಲ್ಲಿ ಕುಡಿಯುತ್ತಿದ್ದೀಯಂತೆ. 54 ಕೆಜಿ ಇರುವವನು ಮುಂದಿನ ತಿಂಗಳ ಕುಸ್ತಿ ಆಯ್ಕೆ ಹೊತ್ತಿಗೆ 48 ಕೆಜಿ ವಿಭಾಗಕ್ಕೆ ಇಳಿಯುತ್ತೇನೆ ಅಂತ ಹಠ ಹಿಡಿದಿದ್ದೀಯಂತೆ. ಯಾಕೋ ಹೀಗೆ ಅಂತ ಅವಳು ಕೇಳಿದ್ದಕ್ಕೆ, 'ಮಾವನೂ ಹೀಗೇ ಮಾಡ್ತಿದ್ರು, ಜಾತ್ರೇಲಿ ಅವರೇ ಹೇಳಿದ್ರಲ್ಲ' ಅಂದೆಯಂತೆ.

ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು 'ಹೂಂ ಮಾವ' ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು.

ಎರಡು ವರ್ಷಕ್ಕೊಮ್ಮೆ ನಮ್ಮ ದುಗ್ಗಮ್ಮನ ಜಾತ್ರೆ ಬಂದರೆ ನಾವು ಹಳೆಯ ಹುಡುಗರು ಕುಸ್ತಿ ನೋಡಲು ಸೇರುವುದು ನಿನಗೆ ಗೊತ್ತು. ಹೈಸ್ಕೂಲಿನಲ್ಲಿ ಒಂದೇ ಗರಡಿಯಲ್ಲಿ ಮಣ್ಣು ಅಗೆದವರು ನಾವು. ಬೆಳಗಿನ ಜಾವ ಎದ್ದು ಗುದ್ದಲಿ ಹಿಡಿದು ಕೆಮ್ಮಣ್ಣು ಸಡಿಲ ಮಾಡಿ, ಹನುಮಪ್ಪನ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ, ಬಸ್ಕಿ ಮತ್ತು ದಂಡ ಮುಗಿಸಿ, ಮೈಯೆಲ್ಲ ಮಣ್ಣು ಮಾಡಿಕೊಂಡು, ಆಮೇಲೆ ಸ್ನಾನ ಮಾಡಿ ಶಾಲೆಗೆ ಓಡಿದವರು. ಈಗ ಒಬ್ಬ ಬಸ್ ಡ್ರೈವರ್, ಒಬ್ಬ ಮೇಷ್ಟ್ರು, ಒಬ್ಬನದು ಮಂಡಕ್ಕಿ ಭಟ್ಟಿ. ಅಖಾಡದ ಅಂಚಿನಲ್ಲಿ ಹಲಗೆ ಬಡಿಯಲು ಶುರುವಾಯಿತೋ ಇಲ್ಲವೋ, ಐವತ್ತು ದಾಟಿದ ನಮಗೆ ಭುಜ ತಾನಾಗೇ ಅಲುಗುತ್ತದೆ. ಅವತ್ತು ಕುಸ್ತಿಯಲ್ಲಿ ಮುರಿದ ಕಿವಿಗಳನ್ನು ಒಬ್ಬರದು ಒಬ್ಬರು ಹಿಡಿದು ನೋಡಿದೆವು. ಭಟ್ಟಿಯವನ ಎಡಗಿವಿ ಇವತ್ತಿಗೂ ಹಿಚುಕಿದ ಕಡುಬಿನ ಹಾಗಿದೆ. ಯಾರು ಯಾರನ್ನು ಢಾಕ್ ಪಟ್ಟು ಹೊಡೆದು ಎತ್ತಿದ್ದು, ಯಾರು ಮೊದಲ ನಿಮಿಷದಲ್ಲೇ ಚಿತ್ ಆಗಿದ್ದು, ಎಲ್ಲ ಬಂತು. ನೀನು ನನ್ನ ಪಕ್ಕದಲ್ಲೇ ಕೂತು ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದೆ. ಕಣ್ಣು ಮಿಟುಕಿಸದೆ ಕೇಳುತ್ತಿದ್ದೆ.

ಆಮೇಲೆ ತೂಕ ಇಳಿಸಿದ ಕತೆಗಳು ಬಂದವು. ಅವುಗಳನ್ನು ನಾವು ಎಷ್ಟು ಸಂಭ್ರಮದಿಂದ ಹೇಳಿದೆವು ಅನ್ನೋದು ಈಗ ನೆನೆದರೆ ಸಂಕಟವಾಗುತ್ತದೆ. ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ ತೆಗೆದು, ತಲೆಗೆ ಒಂದು, ಕೈಗೆ ಎರಡು ತೂತು ಮಾಡಿ, ಅದನ್ನು ಮೈಗೆ ಹಾಕಿಕೊಂಡು ಮೇಲೆ ಸ್ವೆಟರ್ ತೊಟ್ಟು ಮಧ್ಯಾಹ್ನದ ಬಿಸಿಲಲ್ಲಿ ಓಡಿದ್ದು. ಮಂಡಕ್ಕಿ ಭಟ್ಟಿಯ ಒಲೆ ಪಕ್ಕ ಕಂಬಳಿ ಹೊದ್ದು ಕೂತಿದ್ದು. ಹುಣಸೆಹಣ್ಣು ಬಾಯಲ್ಲಿಟ್ಟುಕೊಂಡು ಡಬ್ಬಿಗೆ ಉಗುಳುತ್ತಾ ರಾತ್ರಿ ಕಳೆದದ್ದು. ತಕ್ಕಡಿ ಹತ್ತುವ ಮುಂಚೆ ತಲೆ ಬೋಳಿಸಿದ್ದು. ನಾವು ನಕ್ಕೆವು, ನೀನೂ ನಕ್ಕೆ. ಆ ನಗುವಿನಲ್ಲಿ ನಾನು ಒಂದು ವಿಷಯ ಹೇಳದೆ ಬಿಟ್ಟೆ. ಅದನ್ನು ಇಲ್ಲಿ ಬರೆಯುತ್ತೇನೆ.

1986. ನಾನು ಹತ್ತನೇ ಕ್ಲಾಸು. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ನಾನಿದ್ದದ್ದು 52 ಕೆಜಿ. ನಮ್ಮನ್ನು ಕರೆದುಕೊಂಡು ಹೋಗುವ ಹಿರಿಯರೊಬ್ಬರು '48ರಲ್ಲಿ ಹುಡುಗರು ಬಡಕಲು, ನೀನು ಇಳಿದರೆ ಸಲೀಸು' ಅಂದರು. ನನಗೂ ಹಾಗೇ ಅನಿಸಿತು. ಐದು ದಿನದಲ್ಲಿ ನಾಲ್ಕು ಕೆಜಿ ಇಳಿಸಿದೆ. ಕೊನೆಯ ದಿನ ಬಾಯಲ್ಲಿ ಉಗುಳೇ ಇರಲಿಲ್ಲ. ತಕ್ಕಡಿ ಹತ್ತಿದಾಗ ಮುಳ್ಳು 48ಕ್ಕೆ ಸರಿಯಾಗಿ ನಿಂತಿತು. ಎಲ್ಲರೂ ಬೆನ್ನು ತಟ್ಟಿದರು. ಇಳಿದವನೇ ಒಂದು ಚೊಂಬು ನೀರು ಗಟಗಟ ಕುಡಿದೆ. ಅಷ್ಟೂ ವಾಂತಿಯಾಯಿತು.

ಕುಸ್ತಿ ಶುರುವಾದಾಗ ಎದುರಿನ ಹುಡುಗನ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ಅವನ ಮಣಿಕಟ್ಟು ಹಿಡಿದೆ. ಹಿಡಿದದ್ದು ಗೊತ್ತಾಗುತ್ತಿತ್ತು, ಬಿಗಿ ಬರಲಿಲ್ಲ. ಬೆರಳುಗಳು ಒದ್ದೆ ಬಟ್ಟೆಯ ಹಾಗೆ ಜಾರಿದವು. ಒಂದು ನಿಮಿಷದೊಳಗೆ ಎರಡೂ ಮೀನಖಂಡ ಗಂಟು ಕಟ್ಟಿ ಕಾಲು ಸೆಟೆದುಕೊಂಡಿತು. ಬಿದ್ದೆ. ಅವನೇನೂ ದೊಡ್ಡ ಪಟ್ಟು ಹಾಕಲಿಲ್ಲ, ಸುಮ್ನೆ ದೂಡಿದ. ಸಂಜೆ ನನ್ನ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಗ್ಲೂಕೋಸ್ ಹಾಕಿದರು. ಡಾಕ್ಟರು ನನ್ನ ರೆಪ್ಪೆ ಎತ್ತಿ ನೋಡಿ, 'ಇನ್ನೊಂದು ದಿನ ಹೀಗೇ ಬಿಟ್ಟಿದ್ದರೆ ಕಿಡ್ನಿ ಕೈಕೊಡುತ್ತಿತ್ತು' ಅಂದದ್ದು ನನಗೆ ಕೇಳಿಸಿತು. ಕರೆದುಕೊಂಡು ಹೋದವರು ಮನೆಯಲ್ಲಿ ಹೇಳಬೇಡ ಅಂದರು. ನಾನು ಹೇಳಲಿಲ್ಲ. ನಿಮ್ಮಜ್ಜಿ ತೀರಿಕೊಳ್ಳುವವರೆಗೂ ಅವಳಿಗೆ ಇದು ಗೊತ್ತಿರಲಿಲ್ಲ. ನಿಮ್ಮಮ್ಮನಿಗೂ ಗೊತ್ತಾಗಿದ್ದು ನಿನ್ನೆಯೇ.

ನಿನ್ನೆ ಫೋನ್ ಇಟ್ಟವನೇ ಮಂಡಕ್ಕಿ ಭಟ್ಟಿಯವನಿಗೂ ಡ್ರೈವರಿಗೂ ಫೋನ್ ಮಾಡಿದೆ. ತೂಕ ಇಳಿಸಿ ಆಡಿದ ಯಾವ ಕುಸ್ತಿ ಗೆದ್ದಿದ್ದೀರಿ ಹೇಳಿ ಅಂತ ಕೇಳಿದೆ. ಭಟ್ಟಿಯವನು ಒಂದು ಗೆದ್ದಿದ್ದ. ಡ್ರೈವರ್ ತುಂಬಾ ಹೊತ್ತು ಯೋಚಿಸಿ, ಒಂದೂ ನೆನಪಾಗ್ತಿಲ್ಲ ಕಣೋ ಅಂದ. ಜಾತ್ರೆಯಲ್ಲಿ ನಾವು ಹೇಳಿದ ಒಳ್ಳೊಳ್ಳೆಯ ಕುಸ್ತಿಗಳೆಲ್ಲ ಹೊಟ್ಟೆ ತುಂಬಾ ಉಂಡು ನಮ್ಮ ನಮ್ಮ ತೂಕದಲ್ಲಿ ಆಡಿದವೇ.

ಯಾಕೆ ಹಾಗೆ ಅಂದರೆ ಲೆಕ್ಕ ಸರಳ. ವಾರದೊಳಗೆ ಇಳಿಯುವ ತೂಕದಲ್ಲಿ ಕೊಬ್ಬು ಎಲ್ಲೋ ಸ್ವಲ್ಪ. ಉಳಿದದ್ದೆಲ್ಲ ನೀರು. ಒಂದು ಲೀಟರ್ ನೀರು ಹೋದರೆ ಒಂದು ಕೆಜಿ ಹೋದ ಹಾಗೆ ತಕ್ಕಡಿ ತೋರಿಸುತ್ತದೆ. ಆದರೆ ಆ ನೀರು ರಕ್ತದಿಂದಲೂ ಮಾಂಸಖಂಡದಿಂದಲೂ ಹೋಗಿರುತ್ತದೆ. ರಕ್ತ ಗಟ್ಟಿಯಾದಷ್ಟೂ ಎದೆ ಜಾಸ್ತಿ ಬಡಿದುಕೊಳ್ಳಬೇಕು. ಪ್ಲಾಸ್ಟಿಕ್ ಹಾಕಿಕೊಂಡರೆ ಬೆವರು ಆರುವುದಿಲ್ಲ, ಮೈ ಕಾವು ಒಳಗೇ ಉಳಿಯುತ್ತದೆ. ಈಗ ತೂಕ ನೋಡುವುದು ಕುಸ್ತಿಯ ದಿನ ಬೆಳಗ್ಗೆ. ಅಲ್ಲಿಂದ ಅಖಾಡಕ್ಕೆ ಇಳಿಯುವ ಹೊತ್ತಿಗೆ ಕಳೆದ ನೀರೆಲ್ಲ ಮೈಗೆ ಹತ್ತುವುದಿಲ್ಲ. ಅದೂ ಅಲ್ಲದೆ ನಿನಗೆ ಇನ್ನೂ ಹದಿನೈದು. ಮೂಳೆ ಬೆಳೆಯುವ ವಯಸ್ಸು ಇದು, ಈಗ ಹಸಿದಿದ್ದನ್ನು ಮುಂದೆ ತುಂಬಿಕೊಳ್ಳುವುದು ಕಷ್ಟ.

ಅಮೆರಿಕದಲ್ಲಿ ಹೈಸ್ಕೂಲ್ ಕುಸ್ತಿ ಬಹಳ ದೊಡ್ಡದು, ಗೊತ್ತಲ್ವಾ. ಅಲ್ಲಿ 1997ರ ಕೊನೆಯಲ್ಲಿ ಐದು ವಾರದೊಳಗೆ ಮೂವರು ಕಾಲೇಜು ಪೈಲ್ವಾನರು ಹೀಗೇ ತೂಕ ಇಳಿಸಲು ಹೋಗಿ ಸತ್ತರು. ರಬ್ಬರ್ ಬಟ್ಟೆ ತೊಟ್ಟು ಬಿಸಿ ಕೋಣೆಯಲ್ಲಿ ಬೆವರು ಇಳಿಸುತ್ತಿದ್ದ ಹುಡುಗರು. ಆಮೇಲೆ ಆ ಬಟ್ಟೆ, ಆ ಕೋಣೆ ಎರಡನ್ನೂ ನಿಷೇಧಿಸಿದರು. ಹೈಸ್ಕೂಲ್ ಹುಡುಗರಿಗೂ ನಿಯಮ ಬಂತು. ಕುಸ್ತಿಯ ಋತು ಶುರುವಾಗುವ ಮುಂಚೆಯೇ ಮೈಯ ಕೊಬ್ಬು ಅಳೆಯುತ್ತಾರೆ. ಶೇಕಡಾ 7ಕ್ಕಿಂತ ಕೆಳಗೆ ಹೋಗುವ ಹಾಗೆ ಹುಡುಗರು ತೂಕ ಇಳಿಸುವಂತಿಲ್ಲ. ವಾರಕ್ಕೆ ಮೈತೂಕದ ಶೇಕಡಾ ಒಂದೂವರೆಗಿಂತ ಜಾಸ್ತಿ ಇಳಿಸುವಂತಿಲ್ಲ. ನಿನ್ನ 54 ಕೆಜಿಗೆ ಅದು ವಾರಕ್ಕೆ ಸುಮಾರು 800 ಗ್ರಾಂ. ನೀನು ಇಳಿಸಬೇಕೆಂದಿರುವುದು ಆರು ಕೆಜಿ! ಕೊಬ್ಬಿರುವ ಹುಡುಗನಾದರೂ ಎರಡು ತಿಂಗಳು ಬೇಕು. ನಿನ್ನ ಮೈಯಲ್ಲಿ ಇಳಿಸಲು ಕೊಬ್ಬೇ ಇಲ್ಲ, ಪಕ್ಕೆಲುಬು ಎಣಿಸಬಹುದು.

2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿದೆಯಾ? ಕುಸ್ತಿಯಲ್ಲಿ ನಮ್ಮ ವಿನೇಶ್ ಫೋಗಟ್ ಫೈನಲ್ ತಲುಪಿದ್ದರು. ಮಾರನೆಯ ಬೆಳಗ್ಗೆ 50 ಕೆಜಿಗಿಂತ 100 ಗ್ರಾಂ ಜಾಸ್ತಿ ಬಂತು, ಹೊರಗೆ ಹಾಕಿದರು. ಅವರು ಮೊದಲು ಆಡುತ್ತಿದ್ದದ್ದು 53ರಲ್ಲಿ. ರಾತ್ರಿಯಿಡೀ ಬೆವರು ಇಳಿಸಿದರು, ಕೂದಲನ್ನೂ ಕತ್ತರಿಸಿದರು. ನೀನು ಅವತ್ತು ನಮ್ಮ ಮನೆಯ ಟಿವಿ ಮುಂದೆ ಕಣ್ಣೀರು ಹಾಕಿದೆ. ಅವರ ಜೊತೆ ಡಾಕ್ಟರೂ ಇದ್ದರು, ಊಟದ ಲೆಕ್ಕ ಇಡುವವರೂ ಇದ್ದರು. ನಿನ್ನ ಜೊತೆ ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಹನ್ನೆರಡಕ್ಕೆ ಯಾರಿರುತ್ತಾರೆ?

ಈಗ ನಾನು ನಿನಗೆ ಹೇಳಬೇಕೆಂದಿದ್ದ ಇನ್ನೊಬ್ಬ ಹೈಸ್ಕೂಲ್ ಪೈಲ್ವಾನರ ವಿಚಾರ. ಖಾಶಾಬಾ ಜಾಧವ್. ಮಹಾರಾಷ್ಟ್ರದ ಕರಾಡದ ಹತ್ತಿರದ ಗೋಳೇಶ್ವರ ಅನ್ನುವ ಹಳ್ಳಿಯವರು, ಕರಾಡದ ಹೈಸ್ಕೂಲಿನಲ್ಲಿ ಓದಿದವರು. ನಮ್ಮ ಗರಡಿಯ ಉಸ್ತಾದರಿಗೆ ಅವರ ಹೆಸರು ಹೇಳದೆ ದಿನ ಮುಗಿಯುತ್ತಿರಲಿಲ್ಲ. 1948ರಲ್ಲಿ ಲಂಡನ್ನಿಗೆ ಹೋದಾಗ ಅವರು ಆಡಿದ್ದು 52 ಕೆಜಿಯಲ್ಲಿ, ಬಂದದ್ದು ಆರನೇ ಸ್ಥಾನ. ಮಣ್ಣಿನಲ್ಲಿ ಪಳಗಿದವರಿಗೆ ಮ್ಯಾಟ್ ಹೊಸದು. ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿಗೆ ಹೋದರು. ಆಗ ಕೆಳಗೆ ಇಳಿಯಲಿಲ್ಲ ಕಣೋ, ಮೇಲೆ ಹತ್ತಿದರು. 57 ಕೆಜಿಯಲ್ಲಿ ಆಡಿ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರ ತಾನೊಬ್ಬನೇ ಗೆದ್ದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು.

ಹಾಗಾಗಿ ನೀನು 55 ಕೆಜಿ ವಿಭಾಗದಲ್ಲಿ ಆಡು. ಅಲ್ಲಿ ಹುಡುಗರು ನಿನಗಿಂತ ಎತ್ತರ ಇರಬಹುದು, ಹೆಗಲು ಅಗಲ ಇರಬಹುದು. ಭಯ ಬೇಡ. ಅಂಥವರ ಎದೆಗೆ ಎದೆ ಕೊಡಬೇಡ. ತಗ್ಗಿ ನಿಲ್ಲು, ಅವರ ಕೈ ನಿನ್ನ ಕುತ್ತಿಗೆಗೆ ಬೀಳಲು ಬಿಡಬೇಡ, ಮಣಿಕಟ್ಟು ಸರಿಸುತ್ತಾ ಇರು. ನಿನ್ನ ಕಾಲು ಹಿಡಿಯುವ ವರಸೆ ಚೆನ್ನಾಗಿದೆ, ಅದನ್ನು ನಾನು ಜಾತ್ರೆಯ ಮರುದಿನ ಗರಡಿಯಲ್ಲೇ ನೋಡಿದ್ದೇನೆ. ಆದರೆ ಎಡಗಾಲು ಹಿಡಿದ ಮೇಲೆ ನೀನು ತಲೆಯನ್ನು ಹೊರಗೆ ಬಿಡುತ್ತೀಯ. ತಲೆ ಅವನ ಎದೆಗೆ ಒತ್ತಿರಲಿ, ಕಿವಿ ಅವನ ಪಕ್ಕೆಗೆ ತಾಗಬೇಕು. ಆಮೇಲೆ ತಿರುಗು. ಕೆಳಗೆ ತಂದರೆ 2 ಪಾಯಿಂಟ್ ನಿನ್ನದು. ಮ್ಯಾಟಿನ ಅಂಚಿನ ಗೆರೆಯ ಹತ್ತಿರ ಹೋದರೆ ಮಾತ್ರ ಹುಷಾರು, ಭಾರದವರು ಸುಮ್ನೆ ಮೈಹಾಕಿ ಆಚೆ ದೂಡಿ ಒಂದು ಪಾಯಿಂಟ್ ತೆಗೆದುಕೊಳ್ಳುತ್ತಾರೆ. ಎರಡನೇ ಸುತ್ತಿನ ಹೊತ್ತಿಗೆ ಅವರಿಗೆ ಏದುಸಿರು ಬರುತ್ತದೆ. ಉಂಡು, ನಿದ್ದೆ ಮಾಡಿ ಬಂದವನಿಗೆ ಆಗ ಬಲ ಇರುತ್ತದೆ.

ಸೋಲುವ ಸಾಧ್ಯತೆ ಇದೆ. ಈ ವರ್ಷ ಆಯ್ಕೆ ಆಗದೆಯೂ ಇರಬಹುದು. ಅದನ್ನು ನಾನು ಮುಚ್ಚಿಡುವುದಿಲ್ಲ. ಮುಂದಿನ ವರ್ಷ ನೀನು ಹೇಗೂ 58, 60 ಆಗುತ್ತೀಯ, ಬೆಳೆಯುವ ಹುಡುಗ. ಈಗ 48ಕ್ಕೆ ಇಳಿದು ಗೆದ್ದರೂ ಆ ಗೆಲುವನ್ನು ಮುಂದಿನ ವರ್ಷಕ್ಕೆ ಒಯ್ಯಲು ಆಗುವುದಿಲ್ಲ. 55ರಲ್ಲಿ ದೊಡ್ಡವರ ಕೈಯಲ್ಲಿ ಪೆಟ್ಟು ತಿಂದು ಕಲಿತದ್ದು ಜೊತೆಗೆ ಬರುತ್ತದೆ.

ಕೋಚ್ ಸರ್ 48 ಅಂದಿದ್ದಾರೆ, ಎದುರು ಮಾತಾಡುವುದು ಹೇಗೆ ಅಂತ ನಿನಗೆ ಅಳುಕು ಇರಬಹುದು. ನನಗೂ ಆಗ ಇದೇ ಅಳುಕು ಇತ್ತು. ನೀನು ವಾದ ಮಾಡಬೇಡ. ಬೆಳಗ್ಗೆ ಅಭ್ಯಾಸ ಮುಗಿದ ಮೇಲೆ ಹತ್ತಿರ ಹೋಗಿ, 'ಸರ್, ನನಗೆ ತಲೆ ಸುತ್ತುತ್ತಿದೆ, 55ರಲ್ಲಿ ಆಡ್ತೀನಿ, ನಮ್ಮ ಮಾವ ನಿಮ್ಮ ಹತ್ತಿರ ಮಾತಾಡ್ತಾರೆ' ಅಂತ ಮೂರೇ ಮಾತು ಹೇಳು. ಉಳಿದದ್ದು ನನಗೆ ಬಿಡು. ಅವರು ನಿನಗೆ ವಿದ್ಯೆ ಕೊಟ್ಟವರು, ಅವರ ಮೇಲೆ ಕೋಪ ಬೇಡ.

ಕಿವಿ ವಿಚಾರ ಒಂದು ಮಾತು. ನಮ್ಮ ಮುರಿದ ಕಿವಿ ನೋಡಿ ನಿನಗೂ ಹಾಗೇ ಬೇಕು ಅನಿಸಿರಬಹುದು. ಪೆಟ್ಟು ಬಿದ್ದು ಕಿವಿ ಮೆತ್ತಗೆ ಊದಿಕೊಂಡರೆ ಅದರೊಳಗೆ ರಕ್ತ ತುಂಬಿರುತ್ತದೆ. ಕಾಯದೆ ಡಾಕ್ಟರ ಹತ್ತಿರ ಹೋಗಿ ತೆಗೆಸಿ ಪಟ್ಟಿ ಕಟ್ಟಿಸಿಕೋ. ಬಿಟ್ಟರೆ ಗಟ್ಟಿಯಾಗಿ ಹಾಗೇ ನಿಲ್ಲುತ್ತದೆ. ಮೈಮೇಲೆ ಗಜಕರ್ಣ ಕಾಣಿಸಿದರೆ ಮುಚ್ಚಿಟ್ಟುಕೊಂಡು ಮ್ಯಾಟಿಗೆ ಇಳಿಯಬೇಡ, ಇಡೀ ಹಾಸ್ಟೆಲ್ಲಿಗೆ ಹತ್ತುತ್ತದೆ.

ಈ ಕಾಗದದ ಜೊತೆ ಡ್ರೈವರ್ ಮಾಮನ ಕೈಲಿ ಒಂದು ಡಬ್ಬಿ ಕಳಿಸುತ್ತಿದ್ದೇನೆ. ನಿಮ್ಮತ್ತೆ ಶೇಂಗಾ ಉಂಡೆ ಕಟ್ಟಿದ್ದಾಳೆ, ತಳದಲ್ಲಿ ಬಾದಾಮಿ ಇದೆ. ಡಬ್ಬಿ ತೆಗೆದುಕೊಂಡ ತಕ್ಷಣ ಅವನ ಎದುರಿಗೇ ಎರಡು ಉಂಡೆ ತಿನ್ನು, ಒಂದು ಲೋಟ ನೀರು ಕುಡಿ. ನೀನು ತಿಂದದ್ದನ್ನು ನೋಡಿಯೇ ಬಸ್ ಎತ್ತು ಅಂತ ಅವನಿಗೆ ಹೇಳಿದ್ದೇನೆ. ರಾತ್ರಿ ಊಟಕ್ಕೆ ಎಲ್ಲರ ಜೊತೆ ಕೂರು. ನಿಮ್ಮಮ್ಮನಿಗೆ ಫೋನ್ ಮಾಡಿ ಏನು ಉಂಡೆ ಅಂತ ಹೇಳು, ಅವಳು ಅಳುತ್ತಿದ್ದಳು.

ಭಾನುವಾರ ಬೆಳಗಿನ ಬಸ್ಸಿಗೆ ನಾನು ಬರುತ್ತೇನೆ. ಕೋಚ್ ಸರ್ ಎಷ್ಟು ಹೊತ್ತಿಗೆ ಸಿಗುತ್ತಾರೆ ಕೇಳಿ ಇಟ್ಟಿರು.

ಇತಿ,
ನಿನ್ನ ಸೋದರಮಾವ